ಸಿರಿಂಜ್ ಪ್ಯಾಕೆಟ್‌ಗೆ ಪೇಪರ್ ಇದ್ದರೆ ಡೂಪ್ಲಿಕೇಟ್ ಅಲ್ಲ

"ಒಂದು ಬದಿ ಪೇಪರ್ ಇರುವ ಸಿರಿಂಜ್ ಡೂಪ್ಲಿಕೇಟ್, ಪೂರ್ತಿ ಪ್ಲಾಸ್ಟಿಕ್ ಇದ್ದರಷ್ಟೇ ಒರಿಜಿನಲ್" ಅನ್ನೋ ಮೆಸೇಜ್ ರಾಯಚೂರು, ಮಾನ್ವಿ ಕಡೆಯ ವಾಟ್ಸಾಪ್ ಗ್ರೂಪ್‌ಗಳಲ್ಲಿ ಓಡಾಡುತ್ತಿದೆ. ಇದು ತಪ್ಪು.

ಆ ಪೇಪರ್ ಸುಮ್ನೆ ಹಾಕಿದ್ದಲ್ಲ. ಸಿರಿಂಜನ್ನು ಮೊದಲು ಪ್ಯಾಕ್ ಮಾಡಿ, ಆಮೇಲೆ ಅದರೊಳಗಿನ ಕ್ರಿಮಿ ಕೊಲ್ಲುತ್ತಾರೆ. ಇದಕ್ಕೆ ಜಾಸ್ತಿ ಬಳಸುವುದು ಎಥಿಲೀನ್ ಆಕ್ಸೈಡ್ ಗ್ಯಾಸ್. ಅದು ಒಳಗೆ ಹೋಗಬೇಕು, ಕೆಲಸ ಮುಗಿದ ಮೇಲೆ ಹೊರಗೂ ಬರಬೇಕು, ಅಲ್ವಾ? ಈ ವಿಶೇಷ ಪೇಪರ್‌ನ ಎಳೆಗಳ ಸಂದಿನಲ್ಲಿ ಗ್ಯಾಸ್ ನುಸುಳುತ್ತದೆ, ಬ್ಯಾಕ್ಟೀರಿಯಾ ಮಾತ್ರ ಅಲ್ಲೇ ಸಿಕ್ಕಿಬೀಳುತ್ತದೆ. ದುಬಾರಿ ಸಾಮಾನಿನ ಪ್ಯಾಕೆಟ್‌ಗಳಲ್ಲಿ ಕೈಯಿಂದ ಹರಿಯಲು ಬಾರದ ಬಿಳಿ ಹಾಳೆ ಇರುತ್ತದೆ. ಅದು ಟೈವೆಕ್. ನೋಡಲು ಪೇಪರ್, ಅಸಲಿಗೆ ಪಾಲಿಥೀನ್ ಎಳೆ! 1955ರಲ್ಲಿ ಡ್ಯೂಪಾಂಟ್ ಕಂಪನಿಯ ಲ್ಯಾಬಿನಲ್ಲಿ ಕಣ್ಣಿಗೆ ಬಿದ್ದ ಎಳೆಯಿಂದ ಹುಟ್ಟಿದ್ದು.

ಪೂರ್ತಿ ಪ್ಲಾಸ್ಟಿಕ್ ಪ್ಯಾಕೆಟ್‌ಗಳೂ ಇವೆ. ಗಾಮಾ ಕಿರಣ ಹಾಯಿಸಿ ಕ್ರಿಮಿ ಕೊಲ್ಲುವುದಾದರೆ ಗ್ಯಾಸಿಗೆ ದಾರಿ ಬೇಕಿಲ್ಲ.

ನೀವು ನೋಡಬೇಕಾದ್ದು ಬೇರೆ. ಅಂಚು ಬಿಟ್ಟಿದೆಯಾ, ತೂತು ಬಿದ್ದಿದೆಯಾ, ಎಕ್ಸ್‌ಪೈರಿ ದಾಟಿದೆಯಾ? ಪೇಪರ್ ಒದ್ದೆಯಾಗಿದ್ದರೆ ಆ ಸಿರಿಂಜ್ ಬೇಡವೇ ಬೇಡ, ಒಣಗಿಸಿದರೂ ಅಷ್ಟೇ. ಸುತ್ತಿನೊಳಗೆ 2 ಬರೆದು ಅಡ್ಡಗೆರೆ ಎಳೆದಿದ್ದರೆ ಅದನ್ನು ಎರಡನೇ ಸಲ ಬಳಸುವಂತಿಲ್ಲ. ಪ್ಯಾಕೆಟ್ಟನ್ನು ನನ್ನೆದುರೇ ಒಡೆಯಿರಿ ಅಂತ ಸಿಸ್ಟರ್‌ಗೆ ಕೇಳಲು ಸಂಕೋಚ ಬೇಡ.