ಬೇಡವೆಂದರೂ ಬಿಡದ ಜ್ಞಾಪಕಶಕ್ತಿ

ಮನುಷ್ಯನಿಗೆ ಮರೆವಿದೆ ಎಂಬ ಸಂಗತಿ ಮೈಕ್ರೋಸಾಫ್ಟ್ ಸಂಸ್ಥೆಯ ಮನಸ್ಸನ್ನು ಎಷ್ಟು ಕಲಕಿತ್ತೆಂದರೆ, 2024ರ ಮೇ 20ರಂದು ಅದು ರೆಡ್ಮಂಡ್‌ನ ತನ್ನ ಅಂಗಳಕ್ಕೆ ಪತ್ರಕರ್ತರನ್ನು ಕರೆಸಿ ಪರಿಹಾರವನ್ನೇ ಘೋಷಿಸಿಬಿಟ್ಟಿತು. ಪರಿಹಾರದ ಹೆಸರು ರಿಕಾಲ್. ಕೋಪೈಲಟ್ ಪ್ಲಸ್ ಎಂಬ ಹೊಸ ಜಾತಿಯ ಕಂಪ್ಯೂಟರುಗಳಲ್ಲಿ ಅದು ಕೆಲವೇ ಸೆಕೆಂಡುಗಳಿಗೊಮ್ಮೆ ಪರದೆಯ ಚಿತ್ರ ತೆಗೆದು, ಚಿತ್ರದಲ್ಲಿರುವ ಅಕ್ಷರಗಳನ್ನೆಲ್ಲ ಓದಿ, ಹುಡುಕಿದರೆ ಸಿಗುವಂತೆ ಜೋಡಿಸಿಡುತ್ತದೆ. ಎರಡು ತಿಂಗಳ ಹಿಂದೆ ಕಣ್ಣಿಗೆ ಬಿದ್ದ ನೀಲಿ ಸೀರೆ ಯಾವ ಅಂಗಡಿಯದೆಂದು ಕೇಳಿದರೆ ತಕ್ಷಣ ತೋರಿಸುತ್ತದೆ. ಅದೇ ಮಧ್ಯಾಹ್ನ ತೆರೆದು ನೋಡಿದ ವೈದ್ಯರ ವರದಿ, ಸಿಟ್ಟಿನಲ್ಲಿ ಬರೆದು ಬುದ್ಧಿ ಬಂದ ಮೇಲೆ ಅಳಿಸಿದ ರಾಜೀನಾಮೆ ಪತ್ರ, ಇವೂ ಸೀರೆಯ ಪಕ್ಕದಲ್ಲೇ ಭದ್ರವಾಗಿರುತ್ತವೆ.

ಇಂಥ ಕೆಲಸಕ್ಕೆ ಹಿಂದೆ ಊರಿಗೊಬ್ಬರು ಶಾನುಭೋಗರು ಸಾಕಾಗುತ್ತಿದ್ದರು. ಯಾರ ಹೊಲ ಯಾರ ಹೆಸರಿನಲ್ಲಿದೆ, ಕಂದಾಯ ಬಾಕಿ ಉಳಿಸಿಕೊಂಡವರು ಯಾರು ಎಂಬುದೆಲ್ಲ ಅವರ ಲೆಕ್ಕದಲ್ಲಿರುತ್ತಿತ್ತು. ಜನ ಅವರಿಗೆ ಹೆದರುತ್ತಲೂ ಇದ್ದರು. ಆದರೆ ಗಂಡ ಹೆಂಡತಿ ಅಡುಗೆಮನೆಯಲ್ಲಿ ಆಡಿಕೊಂಡ ಮಾತನ್ನು ಅವರು ಬರೆದುಕೊಳ್ಳುತ್ತಿರಲಿಲ್ಲ, ಬರೆದದ್ದನ್ನು ಇಡುವುದಕ್ಕೆಂದು ನಿಮ್ಮದೇ ಮನೆಯಲ್ಲಿ ಒಂದು ಕೋಣೆಯನ್ನು ಬಿಡಿಸಿಕೊಳ್ಳುತ್ತಲೂ ಇರಲಿಲ್ಲ. ರಿಕಾಲ್‌ಗೆ ಕೋಣೆ ಬೇಕು. 256 ಜಿಬಿ ಜಾಗವಿರುವ ಕಂಪ್ಯೂಟರಿನಲ್ಲಿ 25 ಜಿಬಿ ಅದರ ಪಾಲು, ಸುಮಾರು ಮೂರು ತಿಂಗಳ ನೆನಪು ಅಷ್ಟರಲ್ಲಿ ಹಿಡಿಯುತ್ತದೆಯಂತೆ.

ಚಿತ್ರಗಳೆಲ್ಲ ನಿಮ್ಮ ಕಂಪ್ಯೂಟರಿನಲ್ಲೇ ಇರುತ್ತವೆ, ನಮ್ಮ ಕೈಗೆ ಬರುವುದಿಲ್ಲ ಎಂದು ಕಂಪನಿ ಅಭಯ ನೀಡಿತು. ಕಳ್ಳನೂ ನುಗ್ಗುವುದು ನಿಮ್ಮ ಕಂಪ್ಯೂಟರಿಗೇ ಎಂಬುದನ್ನು ಅದು ಹೇಳಲಿಲ್ಲ. ಭದ್ರತಾ ತಜ್ಞ ಕೆವಿನ್ ಬ್ಯೂಮಾಂಟ್ ಒಳಗೆ ಇಣುಕಿ ನೋಡಿದಾಗ, ಪರದೆಯಿಂದ ಓದಿಕೊಂಡ ಅಕ್ಷರಗಳೆಲ್ಲ ಒಂದು ಸಾಮಾನ್ಯ ಡೇಟಾಬೇಸಿನಲ್ಲಿ ಯಾರು ಬೇಕಾದರೂ ಓದುವಂತೆ ಬಿದ್ದಿದ್ದವು. ಅವುಗಳನ್ನು ಒಟ್ಟಾಗಿ ಹೊರತೆಗೆಯುವ ಪುಟ್ಟ ಸಲಕರಣೆಯೊಂದು ರಿಕಾಲ್ ಮಾರುಕಟ್ಟೆಗೆ ಬರುವ ಮೊದಲೇ ಸಿದ್ಧವಾಗಿ, ಎಲ್ಲರಿಗೂ ಪುಕ್ಕಟೆಯಾಗಿ ಸಿಗುತ್ತಿತ್ತು. ಮಣಿಪಾಲದಲ್ಲಿ ಎಂಜಿನಿಯರಿಂಗ್ ಓದಿದವರೆಂದು ನಾವು ಅಭಿಮಾನದಿಂದ ಹೇಳಿಕೊಳ್ಳುವ ಸಂಸ್ಥೆಯ ಮುಖ್ಯಸ್ಥ ಸತ್ಯ ನಾದೆಲ್ಲಾ ಅವರು ಅದೇ ಮೇ ತಿಂಗಳ 3ರಂದು ತಮ್ಮ ಸಿಬ್ಬಂದಿಗೆ ಪತ್ರ ಬರೆದು, ಭದ್ರತೆಯೋ ಇನ್ನೊಂದೋ ಎಂಬ ಪ್ರಶ್ನೆ ಎದುರಾದರೆ ಭದ್ರತೆಯನ್ನೇ ಆರಿಸಿಕೊಳ್ಳಿ ಎಂದು ತಾಕೀತು ಮಾಡಿದ್ದರು. ಪತ್ರ ಎಲ್ಲ ಮೇಜುಗಳಿಗೂ ತಲುಪುವುದಕ್ಕೆ ಸ್ವಲ್ಪ ಕಾಲ ಬೇಕಾಗುತ್ತದೆ, ದೊಡ್ಡ ಕಚೇರಿ.

ಜನ ಬೈದ ಮೇಲೆ, ಜೂನ್ 7ರಂದು, ಇದು ಐಚ್ಛಿಕ, ನೀವಾಗಿ ಆನ್ ಮಾಡಿದರೆ ಮಾತ್ರ ಕೆಲಸ ಮಾಡುತ್ತದೆ ಎಂದು ಕಂಪನಿ ಪ್ರಕಟಿಸಿತು. ಜೂನ್ 13ರಂದು ಬಿಡುಗಡೆಯನ್ನೇ ಮುಂದಕ್ಕೆ ಹಾಕಿತು. ಸಂಸ್ಥೆಯ ಅಧ್ಯಕ್ಷ ಬ್ರಾಡ್ ಸ್ಮಿತ್ ತಮ್ಮ ಭದ್ರತಾ ಲೋಪಗಳ ಬಗ್ಗೆ ಅಮೆರಿಕದ ಸಂಸತ್ ಸಮಿತಿಯ ಮುಂದೆ ಉತ್ತರ ಹೇಳುತ್ತಾ ಕುಳಿತದ್ದೂ ಅದೇ ದಿನ. ಸೆಪ್ಟೆಂಬರಿನ ಪ್ರಸಂಗ ಮಾತ್ರ ಇವೆಲ್ಲವನ್ನೂ ಮೀರಿಸುವಂಥದ್ದು. ವಿಂಡೋಸಿನಲ್ಲಿ ಬೇಡವಾದ ಸೌಲಭ್ಯಗಳನ್ನು ತೆಗೆದುಹಾಕುವ ಒಂದು ಪಟ್ಟಿಯಿದೆ. ಆ ಪಟ್ಟಿಯಲ್ಲಿ ರಿಕಾಲ್ ಹೆಸರು ಕಾಣಿಸಿಕೊಂಡಿತು, ಟಿಕ್ ಗುರುತು ತೆಗೆದರೆ ಪೀಡೆ ತೊಲಗಿತೆಂದು ಜನ ಸಂತೋಷಪಟ್ಟರು. ಹೆಸರು ಅಲ್ಲಿ ತಪ್ಪಾಗಿ ಸೇರಿಕೊಂಡಿದೆ, ಮುಂದಿನ ಅಪ್‌ಡೇಟಿನಲ್ಲಿ ಸರಿಪಡಿಸುತ್ತೇವೆ ಎಂದು ಕಂಪನಿ ಸ್ಪಷ್ಟನೆ ಕೊಟ್ಟಿತು. ಕೆಲವೇ ಸೆಕೆಂಡುಗಳಿಗೊಮ್ಮೆ ಮನೆಯೊಳಗಿನ ಚಿತ್ರ ತೆಗೆಯುವುದು ಸೌಲಭ್ಯ, ತೆಗೆಯಬೇಡ ಎನ್ನಲು ಬಂದದ್ದು ದೋಷ! ಆ ತಿಂಗಳು ಮುಗಿಯುವುದರೊಳಗೆ, ಬೇಡವಾದವರು ಪೂರ್ತಿಯಾಗಿ ತೆಗೆದುಹಾಕಬಹುದು ಎಂಬ ಇನ್ನೊಂದು ಹೇಳಿಕೆಯೂ ಬಂತು. ಐಚ್ಛಿಕವೆನ್ನುವುದು ಯಾರ ಇಚ್ಛೆಯೆಂದು ಅಷ್ಟು ಹೊತ್ತಿಗೆ ಅರ್ಥವಾಗಬೇಕಾದವರಿಗೆ ಅರ್ಥವಾಗಿತ್ತು.

ಇದೇ ವಿಂಡೋಸ್ ಅಪ್‌ಡೇಟ್ ಆದ ಮೇಲೆ ಇಡೀ ಪರದೆಯನ್ನು ಆಕ್ರಮಿಸಿ, ಬನ್ನಿ, ನಿಮ್ಮ ಕಂಪ್ಯೂಟರನ್ನು ಸಿದ್ಧಗೊಳಿಸುವ ಕೆಲಸ ಮುಗಿಸೋಣ ಎಂದು ಕೈಹಿಡಿದು ಎಳೆಯುತ್ತದೆ. ಒಪ್ಪದವರಿಗೆ ಅಲ್ಲಿರುವ ಗುಂಡಿ ಮೂರು ದಿನಗಳ ನಂತರ ನೆನಪಿಸು ಎಂಬುದು. ಎರಡು ತಿಂಗಳ ಹಿಂದಿನ ಸೀರೆಯನ್ನು ಹುಡುಕಿಕೊಡಬಲ್ಲ ಈ ಅದ್ಭುತ ವ್ಯವಸ್ಥೆಗೆ, ಮೊನ್ನೆ ತಾನೇ ಹೇಳಿದ ಬೇಡವೆಂಬ ಒಂದು ಮಾತು ನೆನಪಿರುವುದಿಲ್ಲ.

ನ್ಯಾಯವಾಗಿ ಹೇಳುವುದಾದರೆ, 2025ರ ಏಪ್ರಿಲ್ 25ರಂದು ಕೊನೆಗೂ ಬಿಡುಗಡೆಯಾದ ರಿಕಾಲ್ ಮೊದಲಿನಷ್ಟು ಬೋಳಾಗಿಲ್ಲ. ಗೂಢಲಿಪಿಯಿದೆ, ತೆರೆಯಲು ಮುಖವನ್ನೋ ಬೆರಳನ್ನೋ ತೋರಿಸಬೇಕು, ಪಾಸ್‌ವರ್ಡುಗಳನ್ನೂ ಕಾರ್ಡ್ ಸಂಖ್ಯೆಗಳನ್ನೂ ಬಿಟ್ಟುಬಿಡುವ ಜರಡಿಯಿದೆ. ಬಿಡುಗಡೆಗೆ ಮೊದಲು ಟಾಮ್ಸ್ ಹಾರ್ಡ್‌ವೇರ್ ಪತ್ರಿಕೆಯವರು ನೋಟ್‌ಪ್ಯಾಡಿನಲ್ಲಿ ಕಾರ್ಡ್ ಸಂಖ್ಯೆಯೊಂದನ್ನು ಬರೆದು ಪರೀಕ್ಷಿಸಿದಾಗ ಜರಡಿ ಅದನ್ನು ಹಿಡಿಯಲಿಲ್ಲ ಎಂಬುದು ಬೇರೆ ಮಾತು. ಬೇಸರ ತರಿಸುವುದು ಜರಡಿಯ ತೂತುಗಳಲ್ಲ. ಇವುಗಳಲ್ಲಿ ಒಂದನ್ನಾದರೂ, ಹೊರಗಿನವರು ಹಿಡಿದು ತೋರಿಸುವ ಮೊದಲು ತಾವಾಗಿಯೇ ಯೋಚಿಸಬೇಕೆಂದು ಇಷ್ಟು ದೊಡ್ಡ ಸಂಸ್ಥೆಯಲ್ಲಿ ಯಾರಿಗೂ ಅನ್ನಿಸಲಿಲ್ಲವೇ? ಅನ್ನಿಸಿದವರ ಮಾತನ್ನು ಯಾರೂ ಕೇಳಲಿಲ್ಲವೇ? ಎರಡರಲ್ಲಿ ಯಾವುದು ನಿಜವಾದರೂ, ಅಂಥವರ ಭರವಸೆಯನ್ನು ನಂಬಿ ಎಂದು ಬಳಕೆದಾರರಿಗೆ ಬುದ್ಧಿ ಹೇಳುವುದನ್ನು ದಯವಿಟ್ಟು ನಿಲ್ಲಿಸಬೇಕು.

ಬೇಡವಾದರೆ ಆನ್ ಮಾಡಬೇಡಿ, ಇಷ್ಟಕ್ಕೆ ಯಾಕೆ ಗಲಾಟೆ ಎಂದು ಕೇಳುವ ಜಾಣರೂ ಇದ್ದಾರೆ. ನಾನು ಆನ್ ಮಾಡುವುದಿಲ್ಲ. ನಾನು ಸಂದೇಶ ಕಳಿಸಿದ ವಕೀಲರು ಆನ್ ಮಾಡಿಕೊಂಡಿದ್ದರೆ ನನ್ನ ಗುಟ್ಟು ಅವರ ಕಂಪ್ಯೂಟರಿನಲ್ಲಿ ಚಿತ್ರವಾಗಿ ಕೂರುತ್ತದೆ. 2025ರ ಮೇ ತಿಂಗಳಿನಲ್ಲಿ, ಗುಟ್ಟಾಗಿ ಸಂದೇಶ ಕಳಿಸುವ ಆ್ಯಪ್ ನಡೆಸುವ ಸಿಗ್ನಲ್ ಸಂಸ್ಥೆ ಇದಕ್ಕೊಂದು ಉಪಾಯ ಹೂಡಿತು: ಸಿನಿಮಾಗಳನ್ನು ನಕಲು ಮಾಡದಂತೆ ತಡೆಯಲು ವಿಂಡೋಸಿನಲ್ಲಿರುವ ಏರ್ಪಾಡನ್ನೇ ತನ್ನ ಕಿಟಕಿಗೆ ಹಚ್ಚಿ, ರಿಕಾಲ್‌ಗೆ ಬರೀ ಕಪ್ಪು ಕಾಣುವಂತೆ ಮಾಡಿತು. ನಿರ್ಮಾಪಕರ ಹಕ್ಕುಸ್ವಾಮ್ಯಕ್ಕೆ ಸಿಗುವ ಗೌರವ ನಮ್ಮ ಪತ್ರಕ್ಕೂ ಸಿಗಬೇಕಾದರೆ ಪತ್ರವು ಸಿನಿಮಾದ ವೇಷ ಹಾಕಿಕೊಳ್ಳಬೇಕು.

ವಕೀಲರನ್ನಾದರೂ ಆನ್ ಮಾಡಿದ್ದೀರಾ ಎಂದು ಕೇಳಬಹುದು. ಗ್ರಾಮ ಒನ್ ಕೇಂದ್ರದಲ್ಲಿ, ತಾಲ್ಲೂಕು ಕಚೇರಿಯ ಎದುರಿನ ಝೆರಾಕ್ಸ್ ಅಂಗಡಿಯಲ್ಲಿ ನಮ್ಮ ಜನ ಬೇರೆಯವರ ಕಂಪ್ಯೂಟರಿನಲ್ಲಿ ಜಾತಿ ಪ್ರಮಾಣಪತ್ರಕ್ಕೆ, ಪಿಂಚಣಿಗೆ, ಪಹಣಿಗೆ ಅರ್ಜಿ ಹಾಕಿಸುತ್ತಾರೆ. ಇಂದು ದುಬಾರಿಯಾಗಿರುವ ಈ ಕಂಪ್ಯೂಟರುಗಳು ನಾಲ್ಕಾರು ವರ್ಷಗಳಲ್ಲಿ ಹಳತಾಗಿ ಅಲ್ಲಿಗೂ ಬಂದು ಸೇರುತ್ತವೆ. ಆಗ ಒಪ್ಪಿಗೆಯ ಗುಂಡಿ ಒತ್ತುವವನು ಅಂಗಡಿಯವನು, ಚಿತ್ರದಲ್ಲಿ ಉಳಿಯುವುದು ಅರ್ಜಿದಾರನ ಜಾತಿ, ಆದಾಯ, ಮನೆಯ ವಿಳಾಸ. ಇವು ಯಾವುವೂ ಆ ಜರಡಿಗೆ ಗುಟ್ಟಲ್ಲ. ಬೆಂಚಿನ ಮೇಲೆ ಕಾಯುತ್ತಾ ಕುಳಿತಿರುವ ಆ ಮನುಷ್ಯನಿಗೆ ಇದು ಬೇಕೋ ಬೇಡವೋ ಎಂದು ಕೇಳುವ ಗುಂಡಿಯನ್ನು ರೆಡ್ಮಂಡ್‌ನಲ್ಲಿ ಯಾರೂ ಮಾಡಿಲ್ಲ.