ತುಲೂಜ್ ಅಲ್ಲ, ತುಲೂಜ

ಫ್ರಾನ್ಸ್‌ನಲ್ಲಿದ್ದೇನೆ ಅಂದರೆ ಸಾಕು, ಊರಿನವರ ಪ್ರಶ್ನೆ ಒಂದೇ. 'ಐಫೆಲ್ ಟವರ್ ಹತ್ರಾನಾ?' ಇಲ್ಲ ಮಾರಾಯ್ರೆ. ಇಲ್ಲಿಂದ ಪ್ಯಾರಿಸ್‌ಗೆ ವೇಗದ ರೈಲಿನಲ್ಲಿ ಹೋದರೂ ನಾಲ್ಕು ಗಂಟೆ ಮೀರುತ್ತದೆ.

ನಾನಿರುವುದು ತುಲೂಜ್‌ನಲ್ಲಿ. ದಕ್ಷಿಣದ ಊರು, ಗರೋನ್ ನದಿ ದಡ. ಏರ್‌ಬಸ್ ಊರು ಅಂದರೆ ಬೆಂಗಳೂರಿನ ಗೆಳೆಯರಿಗೆ ಥಟ್ಟನೆ ಗೊತ್ತಾಗುತ್ತದೆ. 1969ರಲ್ಲಿ ಶಬ್ದಕ್ಕಿಂತ ವೇಗದ ಕಾಂಕಾರ್ಡ್ ವಿಮಾನ ಮೊದಲ ಸಲ ಹಾರಿದ್ದೂ ಇಲ್ಲಿಂದಲೇ. ಅದಿರಲಿ, ವಿಮಾನದ ಕಥೆ ಹೇಳುವವರು ಜಾಸ್ತಿ ಇದ್ದಾರೆ. ನನಗೆ ಈ ಊರಿನಲ್ಲಿ ಹಿಡಿಸಿದ್ದು ಜನರ ಮಾತು.

ಬೆಂಗಳೂರಿನಲ್ಲಿ ಫ್ರೆಂಚ್ ಕಲಿಯುವಾಗ ಮೇಷ್ಟ್ರು ಹೇಳಿಕೊಟ್ಟ ಮೊದಲ ಪಾಠ: ಪದದ ಕೊನೆಯ 'e' ಅಕ್ಷರ ನುಂಗಿಬಿಡಿ. ಎರಡು ವರ್ಷ ಕಷ್ಟಪಟ್ಟು ನುಂಗಿದೆ. ಇಲ್ಲಿಗೆ ಬಂದರೆ ಹಳಬರು ಯಾರೂ ನುಂಗುವುದಿಲ್ಲ! ತಮ್ಮ ಊರಿನ ಹೆಸರನ್ನೇ 'ತುಲೂಜ' ಅಂತ ಪೂರ್ತಿ ಎಳೆದು ಹೇಳುತ್ತಾರೆ. ನಾವು ಬಸ್ಸು, ಕಾರು, ಬ್ಯಾಂಕು ಅಂತೀವಲ್ಲ, ಹಾಗೇ. 'ಪ್ಯಾಂ' ಅನ್ನಬೇಕಾದ ಬ್ರೆಡ್ಡು ಇಲ್ಲಿ 'ಪೆಂಗ್' ಆಗುತ್ತದೆ. ಮೊದಲ ವಾರ ಬೇಕರಿಯಲ್ಲಿ 'ಪ್ಯಾಂ ಓ ಶೊಕೊಲಾ', ಅಂದರೆ ಒಳಗೆ ಚಾಕೊಲೇಟ್ ಇಟ್ಟ ಬನ್ನು, ಕೇಳಿದೆ. ಅಂಗಡಿಯಾಕೆ ಅದನ್ನು ಕಾಗದದಲ್ಲಿ ಸುತ್ತುತ್ತಾ, ತಲೆ ಎತ್ತದೆ, 'ಶೊಕೊಲಾತಿನ' ಅಂದಳು. ಇಲ್ಲಿ ಅದರ ಹೆಸರು ಅದೇ. ದುಡ್ಡು ಕೊಡುವ ಮುಂಚೆ ನಾನೂ ಒಂದು ಸಲ ಹೇಳಬೇಕಾಯ್ತು.

ಈ ರಾಗ ಬಂದಿರುವುದು ಆಕ್ಸಿತಾನ್ ಭಾಷೆಯಿಂದ. ಇಲ್ಲಿಯ ಮೂಲ ನುಡಿ ಅದು. ಮೆಟ್ರೋದಲ್ಲಿ ನಿಲ್ದಾಣದ ಹೆಸರನ್ನು ಮೊದಲು ಫ್ರೆಂಚ್‌ನಲ್ಲಿ, ಆಮೇಲೆ ಆಕ್ಸಿತಾನ್‌ನಲ್ಲಿ ಕೂಗುತ್ತಾರೆ. 'ಕಾಪಿತೋಲ್' ಆದ ಮೇಲೆ 'ಕಾಪಿತೋಲಿ'. ಹಳೇ ಪೇಟೆಯ ಬೀದಿ ಬೋರ್ಡುಗಳಲ್ಲೂ ಎರಡೂ ಭಾಷೆ. ನೋಡಿ ಖುಷಿಪಟ್ಟೆ, ನಮ್ಮ ಮೆಟ್ರೋದ ಹಿಂದಿ ಬೋರ್ಡಿನ ಗಲಾಟೆ ನೆನಪಾಗದೆ ಇರುತ್ತದಾ? ಆದರೆ ಬೋಗಿಯಲ್ಲಿ ಆ ಭಾಷೆ ಮಾತಾಡುವವರು ಒಬ್ಬರೂ ಕಾಣಲಿಲ್ಲ. ಸಹೋದ್ಯೋಗಿಯೊಬ್ಬರನ್ನು ಕೇಳಿದೆ. 'ಅಜ್ಜಿಗೆ ಬರುತ್ತಿತ್ತು' ಅಂದರು. ಒಂದು ಕಾಲಕ್ಕೆ ಶಾಲೆಯಲ್ಲಿ ಆಕ್ಸಿತಾನ್ ಆಡಿ ಸಿಕ್ಕಿಬಿದ್ದ ಮಗುವಿನ ಕೈಗೆ ಒಂದು ಗುರುತಿನ ವಸ್ತು ಕೊಡುತ್ತಿದ್ದರಂತೆ. ಇನ್ನೊಬ್ಬ ಸಿಕ್ಕಿಬಿದ್ದರೆ ಅವನಿಗೆ ದಾಟಿಸಬೇಕು. ಸಂಜೆ ಅದು ಯಾರ ಹತ್ತಿರ ಉಳಿಯುತ್ತೋ ಅವನಿಗೆ ಶಿಕ್ಷೆ. ಕೇಳಿ ನಾನು ಸುಮ್ಮನಾದೆ. ನಮ್ಮ ಸ್ಕೂಲಿನಲ್ಲಿ ಕನ್ನಡ ಆಡಿದರೆ ಒಂದು ರೂಪಾಯಿ ದಂಡ ಇತ್ತು. ಲೆಕ್ಕ ಬರೆಯುತ್ತಿದ್ದ ಲೀಡರ್ ನಾನೇ.

1323ರಲ್ಲೇ ಇಲ್ಲಿ ಏಳು ಜನ ಸೇರಿ ಆಕ್ಸಿತಾನ್ ಕವಿತೆಗೆ ಕೂಟ ಕಟ್ಟಿದ್ದರು. ಗೆದ್ದವರಿಗೆ ಚಿನ್ನದ ಹೂವು. ಅಂಥ ಊರಿನಲ್ಲೂ ಭಾಷೆಗೆ ಈ ಗತಿ ಬಂತು. ಅದಕ್ಕೇ ನನಗೆ ಬರೀ ಬೋರ್ಡು, ಘೋಷಣೆಗಳ ಮೇಲೆ ನಂಬಿಕೆ ಕಡಿಮೆ. ಬೇಡ ಅಂತಲ್ಲ, ಇರಲೇಬೇಕು. ಆದರೆ ಮಕ್ಕಳಿಗೆ ದಂಡ ಹಾಕಿ, ನೂರು ವರ್ಷ ಬಿಟ್ಟು ಮೈಕಿನಲ್ಲಿ ಕೂಗಿಸಿದರೆ ಏನು ಬಂತು? ಇಲ್ಲೀಗ ಆಕ್ಸಿತಾನ್‌ನಲ್ಲೇ ಪಾಠ ಮಾಡುವ ಕಲಂದ್ರೆತ ಶಾಲೆಗಳಿವೆ. ನನಗೆ ಭರವಸೆ ಇರುವುದು ಅವುಗಳ ಮೇಲೆ.

ಉಳಿದಂತೆ ಊರು ಆರಾಮ. ಹತ್ತಿರದಲ್ಲಿ ಕಟ್ಟಡದ ಕಲ್ಲು ಕಡಿಮೆ, ಹಾಗಾಗಿ ಎಲ್ಲಾ ಇಟ್ಟಿಗೆ. ಸಂಜೆ ಬಿಸಿಲಿಗೆ ಊರೇ ಗುಲಾಬಿ ಬಣ್ಣ. ಭಾನುವಾರ ಹೆಚ್ಚಿನ ಅಂಗಡಿ ಮುಚ್ಚಿರುತ್ತವೆ, ವಿಕ್ಟರ್ ಹ್ಯೂಗೋ ಮಾರ್ಕೆಟ್ಟಿಗೆ ಸೋಮವಾರ ರಜ. ತರಕಾರಿ ಮೊದಲೇ ತಂದಿಟ್ಟುಕೊಳ್ಳದಿದ್ದರೆ ತಿಳಿಸಾರೇ ಗತಿ. ಜೂನ್‌ನಲ್ಲಿ ರಾತ್ರಿ ಒಂಬತ್ತೂವರೆಗೂ ಬೆಳಕು. ಜನ ನದಿ ದಂಡೆಯ ಹುಲ್ಲಿನ ಮೇಲೆ ಬ್ರೆಡ್ಡು, ಚೀಸು ಹರಡಿಕೊಂಡು ಹರಟುತ್ತಾರೆ. ಆಗಾಗ ಓತಾನ್ ಅನ್ನೋ ಗಾಳಿ ಬೀಸುತ್ತದೆ. ಅದು ತಲೆ ಕೆಡಿಸುತ್ತದೆ ಅಂತ ಇಲ್ಲಿಯವರ ನಂಬಿಕೆ. ಮೂರು ದಿನ ಒಂದೇ ಸಮ ಬೀಸಿದರೆ ನನಗೂ ಹಾಗೇ ಅನಿಸುತ್ತದೆ.

ಮೊನ್ನೆ ಪ್ಯಾರಿಸ್ ಆಫೀಸಿನವರ ಹತ್ತಿರ ಫೋನಿನಲ್ಲಿ ಮಾತಾಡುತ್ತಿದ್ದೆ. 'ನಿನ್ನ ಫ್ರೆಂಚ್‌ಗೂ ತುಲೂಜ್ ಗಾಳಿ ಹೊಡೆದಿದೆ' ಅಂತ ನಕ್ಕರು. ಹೊಡೆದಿದ್ದು ತುಲೂಜ್ ಗಾಳಿಯೋ ನಮ್ಮೂರು ತುಮಕೂರಿನದೋ ಅಂತ ನನಗೇ ಅನುಮಾನ.