ಡ್ಯೂಕ್ ಸಾಹೇಬರ ಖಾಯಂ ವಿಳಾಸ

ಅರ್ಜಿ ಫಾರಂನಲ್ಲಿ ‘ಖಾಯಂ ವಿಳಾಸ’ ಎಂಬ ಜಾಗ ಬಂದರೆ ಬಾಡಿಗೆ ಮನೆಯವರ ಪೆನ್ನು ಅಲ್ಲೇ ನಿಂತುಬಿಡುತ್ತದೆ. ಸ್ಕಾಟ್ಲೆಂಡಿನ ಹ್ಯಾಮಿಲ್ಟನ್ ಮನೆತನದ 10ನೇ ಡ್ಯೂಕ್ ಅಲೆಕ್ಸಾಂಡರ್ ಅವರಿಗೆ ಈ ಫಜೀತಿ ಇರಲಿಲ್ಲ. ಸತ್ತ ಮೇಲೆ ಎಲ್ಲಿರಬೇಕು ಅನ್ನುವುದನ್ನೂ ಅವರು ಬದುಕಿದ್ದಾಗಲೇ ಕಟ್ಟಿಸಲು ಶುರುಮಾಡಿದ್ದರು.

10ನೇ ಡ್ಯೂಕ್ ಆಗಲು ಬೇಕಾದ ಯೋಗ್ಯತೆ ಒಂದೇ. 9ನೇ ಡ್ಯೂಕರ ದೊಡ್ಡ ಮಗನಾಗಿ ಹುಟ್ಟಬೇಕು. 1767ರಲ್ಲಿ ಹುಟ್ಟಿ ಆ ಪರೀಕ್ಷೆಯನ್ನು ಅವರು ಮೊದಲ ದಿನವೇ ಪಾಸು ಮಾಡಿದರು. ಫಲಿತಾಂಶ ಬಂದಿದ್ದು ಮಾತ್ರ 1819ರಲ್ಲಿ, ಅಪ್ಪ ತೀರಿಕೊಂಡ ಮೇಲೆ. ಹೆಣ್ಣು ಕೊಟ್ಟ ಮಾವ ವಿಲಿಯಂ ಬೆಕ್‌ಫರ್ಡ್, ಜಮೈಕಾದ ಕಬ್ಬಿನ ತೋಟಗಳ ಒಡೆಯ. ಬೆವರು ಗುಲಾಮರದು, ಸಕ್ಕರೆ ಮಾವನದು, ಮಾವನ ಬಹಳಷ್ಟು ಕಲಾವಸ್ತು, ಪುಸ್ತಕಗಳು ಕೊನೆಗೆ ಅಳಿಯನ ಮನೆಗೆ.

ಸ್ಕಾಟ್ಲೆಂಡಿನ ಸಿಂಹಾಸನಕ್ಕೆ ತಾವೇ ನಿಜವಾದ ವಾರಸುದಾರರು ಅನ್ನುವ ನಂಬಿಕೆ ಡ್ಯೂಕರಿಗಿತ್ತಂತೆ. ಸಿಕ್ಕ ಕೆಲಸ ಬೇರೆ. ಬ್ರಿಟನ್ನಿನ 1831 ಮತ್ತು 1838ರ ಪಟ್ಟಾಭಿಷೇಕಗಳಲ್ಲಿ ಬೇರೆಯವರ ಕಿರೀಟವನ್ನು ಕೈಯಲ್ಲಿ ಹೊತ್ತು ನಡೆಯುವುದು! ಅಂದ ಹಾಗೆ, ಬ್ರಿಟನ್ ನೆಪೋಲಿಯನ್ ಜೊತೆ ಯುದ್ಧ ಮಾಡುತ್ತಿದ್ದಾಗಲೇ ಅದೇ ನೆಪೋಲಿಯನ್ನಿನ ಆಳೆತ್ತರದ ಚಿತ್ರವನ್ನು ದುಡ್ಡು ಕೊಟ್ಟು ಬರೆಸಿದವರೂ ಇವರೇ. ಬಡವ ಮಾಡಿದ್ದರೆ ದೇಶದ್ರೋಹ. ಡ್ಯೂಕ್ ಮಾಡಿದರೆ ಕಲಾಭಿರುಚಿ, ಅಲ್ವಾ?

ಈಗ ಸಮಾಧಿಗೆ ಬರೋಣ. 1842ರಲ್ಲಿ ಕೆಲಸ ಶುರುವಾಯಿತು. ಎತ್ತರ ಸುಮಾರು 120 ಅಡಿ. ಮುಂದೆ ಕಾವಲಿಗೆ ಎರಡು ಕಲ್ಲಿನ ಸಿಂಹಗಳು. ಒಂದು ಎಚ್ಚರವಾಗಿದೆ, ಇನ್ನೊಂದು ಮಲಗಿದೆ. ಪಾಳಿ ಡ್ಯೂಟಿ ಇರಬೇಕು. ಮಲಗಲು ಈಜಿಪ್ಟಿನ ಪುರಾತನ ಕಲ್ಲಿನ ಶವಪೆಟ್ಟಿಗೆ. ಅದನ್ನು ಬ್ರಿಟಿಷ್ ಮ್ಯೂಸಿಯಂಗೆಂದು ಕೊಂಡು, ಆಮೇಲೆ ತಮಗೇ ಇರಲಿ ಎಂದು ಇಟ್ಟುಕೊಂಡರು ಎನ್ನುತ್ತಾರೆ. 1852ರಲ್ಲಿ ಡ್ಯೂಕ್ ಸತ್ತಾಗ, ಮಮ್ಮಿಗಳ ಸುತ್ತಿದ ಬಟ್ಟೆ ಬಿಚ್ಚಿ ತೋರಿಸಿ ಹೆಸರು ಮಾಡಿದ್ದ ವೈದ್ಯ ಪೆಟಿಗ್ರೂ ಬಂದು ಅವರನ್ನೇ ಮಮ್ಮಿ ಮಾಡಿದ. ಪೆಟ್ಟಿಗೆ ಗಿಡ್ಡವಾಗಿ ಕಾಲು ಕತ್ತರಿಸಬೇಕಾಯಿತು ಅಂತ ಒಂದು ಕಥೆಯೂ ಇದೆ. ನಿಜವೋ ಸುಳ್ಳೋ, ಜನ ಬಹಳ ಪ್ರೀತಿಯಿಂದ ಹೇಳುತ್ತಾ ಬಂದಿದ್ದಾರೆ.

ಕಟ್ಟಡ ಮುಗಿದದ್ದು 1858ರಲ್ಲಿ. ಗೃಹಪ್ರವೇಶ ಮೊದಲು, ಮನೆ ಆಮೇಲೆ. ಒಳಗೆ ಪ್ರಾರ್ಥನೆ ನಡೆಯಬೇಕೆಂಬ ಆಸೆಯಿತ್ತು. ಆದರೆ ಅಲ್ಲಿ ಒಂದು ಸದ್ದು ಮಾಡಿದರೆ ಅದು 15 ಸೆಕೆಂಡ್ ಸುತ್ತುತ್ತದೆ. ಪಾದ್ರಿ ಮೂರನೇ ವಾಕ್ಯ ಹೇಳುವಾಗ ಮೊದಲನೆಯದು ಇನ್ನೂ ತಲೆಯ ಮೇಲೆ ಹಾರಾಡುತ್ತಿದ್ದರೆ ದೇವರಿಗಾದರೂ ಏನು ಅರ್ಥವಾಗಬೇಕು? ಪ್ರಾರ್ಥನೆ ಅಲ್ಲಿಗೇ ನಿಂತಿತು.

ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು. ಮೊಮ್ಮಗ 12ನೇ ಡ್ಯೂಕರಿಗೆ ಕುದುರೆ ಜೂಜಿನ ಹುಚ್ಚು. 1882ರಲ್ಲಿ ಹ್ಯಾಮಿಲ್ಟನ್ ಅರಮನೆಯ ಸಾಮಾನು ಹರಾಜಿಗೆ ಬಂತು. ಸುಮಾರು 4 ಲಕ್ಷ ಪೌಂಡ್ ಹುಟ್ಟಿತು. ತಾತ ಬರೆಸಿದ ನೆಪೋಲಿಯನ್ ಕೂಡ ಹೊರಟ. ಈಗ ಅವನಿರುವುದು ವಾಷಿಂಗ್ಟನ್ನಿನಲ್ಲಿ. 1895ರಲ್ಲಿ ಆ ಮೊಮ್ಮಗ ಸತ್ತಾಗ ಇದ್ದದ್ದು ಒಬ್ಬಳೇ ಮಗಳು. ಅವಳಿಗೆ ಅರ್ರನ್ ಎಂಬ ದ್ವೀಪ ಸಿಕ್ಕಿತು. ಡ್ಯೂಕ್ ಪದವಿ ಮಾತ್ರ ಸಿಗಲಿಲ್ಲ. ದ್ವೀಪ ನಡೆಸುವಷ್ಟು ಬುದ್ಧಿ ಹೆಣ್ಣಿಗಿರಬಹುದು, ‘ಡ್ಯೂಕ್’ ಅಂತ ಸಹಿ ಹಾಕುವುದು ಎಂಥ ಕಷ್ಟದ ಕೆಲಸ! ಅದಕ್ಕೆ ನೌಕಾಪಡೆಯಲ್ಲಿದ್ದ ದೂರದ ದಾಯಾದಿಯೊಬ್ಬನನ್ನು ವಂಶವೃಕ್ಷದಲ್ಲಿ ಹುಡುಕಿ ತೆಗೆದರು.

ಅರಮನೆಯ ಕೆಳಗೆ ಕಲ್ಲಿದ್ದಲು ಇತ್ತು. ಆ ಮನೆತನದ ಖಜಾನೆ ತುಂಬಿದ್ದರಲ್ಲಿ ಅದರದೂ ಪಾಲು. ಬಗೆದರು, ಮಾರಿದರು, ಇನ್ನೂ ಬಗೆದರು. ನೆಲ ಕುಸಿಯತೊಡಗಿತು. 1920ರ ದಶಕದಲ್ಲಿ ಸ್ಕಾಟ್ಲೆಂಡಿನ ಅತಿ ದೊಡ್ಡ ಮನೆಗಳಲ್ಲಿ ಒಂದಾಗಿದ್ದ ಆ ಅರಮನೆಯನ್ನೇ ಕೆಡವಿದರು. ಸಮಾಧಿ ಉಳಿಯಿತು. ಆದರೆ ಅದೂ ಕುಸಿದೀತು ಎಂದು 1921ರಲ್ಲಿ ಡ್ಯೂಕರನ್ನು ಪೆಟ್ಟಿಗೆ ಸಮೇತ ಎತ್ತಿಕೊಂಡು ಹೋಗಿ ಹ್ಯಾಮಿಲ್ಟನ್ ಊರಿನ ಬೆಂಟ್ ಸ್ಮಶಾನದಲ್ಲಿ ಹೂತರು.

ಇವತ್ತಿಗೂ ಅಲ್ಲೇ ಇದ್ದಾರೆ, ಊರಿನ ಮಂದಿಯ ನಡುವೆ. ಅಕ್ಕಪಕ್ಕದಲ್ಲಿ ಗಣಿ ಕೆಲಸದವರೂ ಮಲಗಿರಬಹುದು.